ಕಾಲಯಾನದ ವಿರೋಧಾಭಾಸಗಳೂ ಕ್ವಾಂಟಂ ವಿಜ್ಞಾನವೂ

ನಡೆದುಹೋದ ಸಂಗತಿಯನ್ನು ತಿಳಿಯಬಹುದಲ್ಲದೆ ತಿದ್ದಲಾಗದು ಎಂಬುದು ಇತಿಹಾಸಶಾಸ್ತ್ರದ ಮೊದಲನೆಯ ನಂಬಿಕೆ. ಶಾಸನವೊಂದನ್ನು ಓದುವ ವಿದ್ವಾಂಸನು ಅದರ ಕಾಲವನ್ನು ಕುರಿತು ತಪ್ಪಬಹುದು. ಇನ್ನೊಂದು ಶಾಸನ ದೊರೆತಾಗ ಆ ತಪ್ಪನ್ನು ತಿದ್ದಿಕೊಳ್ಳಲೂಬಹುದು. ಆಗ ಬದಲಾಗುವುದು ವಿದ್ವಾಂಸನ ತಿಳಿವಳಿಕೆಯೇ ಹೊರತು ಅರಸನು ಕೊಟ್ಟ ದಾನವಲ್ಲ. ಈ ನಂಬಿಕೆಗೆ ಪ್ರಕೃತಿನಿಯಮಗಳ ಬೆಂಬಲವುಂಟೆ ಎಂದು ಕೇಳಬೇಕಾದ ಪ್ರಸಂಗ ಬಹುಕಾಲ ಯಾರಿಗೂ ಒದಗಲಿಲ್ಲ. 1949ರಲ್ಲಿ ಅದು ಒದಗಿತು. ಐನ್‌ಸ್ಟೈನರ ಗುರುತ್ವ ಸಿದ್ಧಾಂತವು ಭೂತಕಾಲಕ್ಕೆ ಹಿಂದಿರುಗುವ ಮಾರ್ಗವನ್ನು ನಿಷೇಧಿಸುವುದಿಲ್ಲವೆಂಬುದು ಆ ವರ್ಷ ಸ್ಪಷ್ಟವಾಯಿತು. ಅಂದಿನಿಂದ ಭೂತಕಾಲದ ಭದ್ರತೆಯು ಭೌತವಿಜ್ಞಾನದ ಪ್ರಶ್ನೆಗಳಲ್ಲಿ ಒಂದಾಗಿದೆ. ಈ ತೊಡಕನ್ನು ಬಿಡಿಸಲು ಕ್ವಾಂಟಂ ವಿಜ್ಞಾನವು ಸಮರ್ಥವೆ, ಸಮರ್ಥವಾದರೆ ಅದಕ್ಕೆ ತೆರಬೇಕಾದ ಬೆಲೆ ಏನು ಎಂಬ ವಿಚಾರದ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಿದೆ.

ಮೊದಲು ಒಂದು ಭೇದವನ್ನು ಗಮನಿಸುವುದು ಅವಶ್ಯಕ. ಕಾಲಯಾನದಲ್ಲಿ ಎರಡು ದಿಕ್ಕುಗಳುಂಟು. ಮುಂದಕ್ಕೆ ಹೋಗುವುದು ಒಂದು, ಹಿಂದಕ್ಕೆ ಹೋಗುವುದು ಇನ್ನೊಂದು. ಮುಂದಕ್ಕೆ ಹೋಗುವ ಕಲ್ಪನೆ ಹಳೆಯದು. ಮಗಳಾದ ರೇವತಿಗೆ ತಕ್ಕ ವರನನ್ನು ಕೇಳಲೆಂದು ಬ್ರಹ್ಮಲೋಕಕ್ಕೆ ಹೋದ ಕಕುದ್ಮಿ ರಾಜನು ಗಂಧರ್ವಗಾನ ಮುಗಿಯುವವರೆಗೆ ಕ್ಷಣಕಾಲ ಕಾದಿದ್ದನೆಂದೂ, ಅಷ್ಟರಲ್ಲಿ ಭೂಮಿಯ ಮೇಲೆ 27 ಚತುರ್ಯುಗಗಳು ಕಳೆದುಹೋಗಿದ್ದುವೆಂದೂ ಭಾಗವತದ ನವಮಸ್ಕಂಧವು ಹೇಳುತ್ತದೆ. ಪುರಾಣಕಾರನು ಸಾಪೇಕ್ಷತಾವಾದವನ್ನು ಬಲ್ಲವನಾಗಿದ್ದನೆಂದು ಇದರಿಂದ ಸಾಧಿಸಹೊರಡುವುದು ಪುರಾಣಕ್ಕೂ ವಿಜ್ಞಾನಕ್ಕೂ ಅಪಚಾರವೇ ಸರಿ. ಗಮನಿಸಬೇಕಾದುದು ಕಥೆಯ ತರ್ಕವನ್ನು. ಹಿಂದಿರುಗಿದ ರಾಜನಿಗೆ ಬಂಧುಗಳಿಲ್ಲ, ರಾಜ್ಯವಿಲ್ಲ. ಆದರೂ ಕಥೆಯಲ್ಲಿ ಅಸಂಗತಿಯಿಲ್ಲ. ರೇವತಿ ಬಲರಾಮನ ಕೈಹಿಡಿಯುತ್ತಾಳೆ, ಲೋಕ ಮುಂದೆ ಸಾಗುತ್ತದೆ. 1895ರಲ್ಲಿ ಪ್ರಕಟವಾದ ಎಚ್. ಜಿ. ವೆಲ್ಸ್‌ರ ‘ದಿ ಟೈಮ್ ಮೆಷಿನ್’ ಕಾದಂಬರಿಯ ನಾಯಕನೂ ಕ್ರಿ. ಶ. 802701ನೆಯ ವರ್ಷಕ್ಕೆ, ಎಂದರೆ ಮುಂದಕ್ಕೇ ಹೋಗುತ್ತಾನೆ.

ವಿಜ್ಞಾನವು ಈ ಮುಂದಿನ ಪಯಣವನ್ನು ಕೇವಲ ಕಲ್ಪನೆಯಾಗಿ ಉಳಿಯಗೊಡಲಿಲ್ಲ. ಚಲಿಸುವ ಗಡಿಯಾರವು ನಿಧಾನವಾಗುವುದೆಂದು 1905ರ ವಿಶೇಷ ಸಾಪೇಕ್ಷತಾವಾದದಿಂದ ತಿಳಿದುಬಂದಿತು. 1911ರಲ್ಲಿ ಪಾಲ್ ಲಾಂಜವೆನ್ ಎಂಬ ಫ್ರೆಂಚ್ ವಿಜ್ಞಾನಿಗಳು ಬೆಳಕಿನ ವೇಗಕ್ಕೆ ಬಹು ಸಮೀಪದ ವೇಗದಲ್ಲಿ ಹೋಗಿ ಬಂದ ಪ್ರಯಾಣಿಕನಿಗೆ 2 ವರ್ಷ ಕಳೆದಿದ್ದರೆ ಭೂಮಿಯ ಮೇಲೆ 200 ವರ್ಷ ಕಳೆದಿರಬಹುದೆಂದು ಉದಾಹರಿಸಿದರು. 1971ರಲ್ಲಿ ಹಾಫೆಲೆ ಮತ್ತು ಕೀಟಿಂಗ್ ಎಂಬುವರು ಪರಮಾಣು ಗಡಿಯಾರಗಳನ್ನು ಪ್ರಯಾಣಿಕ ವಿಮಾನಗಳಲ್ಲಿ ಇರಿಸಿ ಭೂಪ್ರದಕ್ಷಿಣೆ ಮಾಡಿಸಿದರು. ನೆಲದ ಗಡಿಯಾರಗಳಿಗೆ ಹೋಲಿಸಿದರೆ ಪೂರ್ವಾಭಿಮುಖವಾಗಿ ಹೋದವು ಸುಮಾರು 59 ನ್ಯಾನೊಸೆಕೆಂಡುಗಳಷ್ಟು ಹಿಂದೆ ಬಿದ್ದಿದ್ದುವು. ಪಶ್ಚಿಮಾಭಿಮುಖವಾಗಿ ಹೋದವು ಸುಮಾರು 273 ನ್ಯಾನೊಸೆಕೆಂಡುಗಳಷ್ಟು ಮುಂದಾಗಿದ್ದುವು. ವೇಗವೂ ಗುರುತ್ವವೂ ಕೂಡಿ ಉಂಟುಮಾಡುವ ಈ ವ್ಯತ್ಯಾಸವು ಸಿದ್ಧಾಂತದ ಲೆಕ್ಕಕ್ಕೆ ಹೊಂದಿಕೆಯಾಯಿತು. ಹೀಗೆ ಒಬ್ಬನ ಕಾಲ ಇನ್ನೊಬ್ಬನ ಕಾಲಕ್ಕಿಂತ ಬೇಗನೆಯೋ ತಡವಾಗಿಯೋ ಸಾಗುವುದು ಪ್ರಯೋಗಸಿದ್ಧವಾದ ಸಂಗತಿ. ಅದರಿಂದ ಯಾವ ವಿರೋಧವೂ ಹುಟ್ಟುವುದಿಲ್ಲ.

ವಿರೋಧ ಹುಟ್ಟುವುದು ಹಿಂದಕ್ಕೆ ಹೋಗುವುದರಿಂದ. ಅದು ಎರಡು ಬಗೆ. ಮೊದಲನೆಯದು ಅಜ್ಜನ ವಿರೋಧಾಭಾಸ. ಒಬ್ಬನು ತನ್ನ ತಂದೆ ಹುಟ್ಟುವುದಕ್ಕೆ ಮುಂಚಿನ ಕಾಲಕ್ಕೆ ಹೋಗಿ ಅಜ್ಜನನ್ನು ಕೊಂದನೆನ್ನೋಣ. ಆಗ ತಂದೆ ಹುಟ್ಟುವುದಿಲ್ಲ, ತಾನೂ ಹುಟ್ಟುವುದಿಲ್ಲ. ಹುಟ್ಟದವನು ಹೋಗಿ ಕೊಲ್ಲುವುದೆಂತು? ಕೊಲ್ಲದಿದ್ದರೆ ಅಜ್ಜನು ಬದುಕುವನು, ಮೊಮ್ಮಗನು ಹುಟ್ಟುವನು, ಹೋಗಿ ಕೊಲ್ಲುವನು. 1930ರ ದಶಕದ ಹೊತ್ತಿಗೆ ಅಮೆರಿಕೆಯ ವಿಜ್ಞಾನಕಥಾ ಪತ್ರಿಕೆಗಳಲ್ಲಿ ಚರ್ಚೆಗೊಂಡಿದ್ದ ಈ ಒಗಟನ್ನು ಫ್ರೆಂಚ್ ಲೇಖಕ ರೆನೆ ಬರ್ಜಾವೆಲ್ಲರು 1940ರ ದಶಕದಲ್ಲಿ ಒಂದು ಕಾದಂಬರಿಯ ವಸ್ತುವಾಗಿ ಮಾಡಿಕೊಂಡರು. ಎರಡನೆಯದು ಕರ್ತೃವಿಲ್ಲದ ಕೃತಿಯ ವಿರೋಧಾಭಾಸ. ಗಣಿತಗ್ರಂಥವೊಂದನ್ನು ಹಿಂದಿನ ಕಾಲಕ್ಕೆ ಒಯ್ದು ಅದರ ಕರ್ತೃವಿಗೇ ಕೊಟ್ಟರೆ, ಅವನು ಅದನ್ನು ಪ್ರತಿಮಾಡಿ ತನ್ನ ಹೆಸರಿನಲ್ಲಿ ಪ್ರಕಟಿಸಿದರೆ, ಆ ಗಣಿತವನ್ನು ಕಂಡುಹಿಡಿದವರು ಯಾರು? ಇಲ್ಲಿ ತರ್ಕವಿರೋಧವಿಲ್ಲ, ಆದರೆ ಯಾರ ಪರಿಶ್ರಮವೂ ಇಲ್ಲದೆ ಜ್ಞಾನವು ಶೂನ್ಯದಿಂದ ಉದ್ಭವಿಸಿತೆಂದು ಒಪ್ಪಬೇಕಾಗುತ್ತದೆ.

ಇಂಥ ಒಗಟುಗಳು ಕಥೆಗಾರರ ವಿನೋದವಾಗಿದ್ದ ಕಾಲದಲ್ಲಿ ಕುರ್ಟ್ ಗೋಡೆಲ್ಲರು ರಂಗಕ್ಕೆ ಬಂದರು. ಗಣಿತದ ತರ್ಕದಲ್ಲಿ ಆಗಲೇ ಜಗತ್ಪ್ರಸಿದ್ಧರಾಗಿದ್ದ ಅವರು 1940ರಲ್ಲಿ ಯೂರೋಪನ್ನು ಬಿಟ್ಟು ಅಮೆರಿಕೆಯ ಪ್ರಿನ್ಸ್‌ಟನ್ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ನೆಲೆಸಿದ್ದರು. ಅಲ್ಲಿಯೇ ಇದ್ದ ಐನ್‌ಸ್ಟೈನರು ಅವರ ನಿತ್ಯದ ನಡಿಗೆಯ ಸಂಗಾತಿ. ಆ ಗೆಳೆಯರ 70ನೆಯ ವರ್ಷದ ನೆನಪಿಗೆ 1949ರಲ್ಲಿ ಗೋಡೆಲ್ಲರು ಅರ್ಪಿಸಿದ ಕಾಣಿಕೆ ವಿಚಿತ್ರವಾದುದು. ಐನ್‌ಸ್ಟೈನರದೇ ಆದ ಗುರುತ್ವ ಸಮೀಕರಣಗಳಿಗೆ ಅವರು ಒಂದು ಹೊಸ ಪರಿಹಾರವನ್ನು ಕಂಡುಹಿಡಿದಿದ್ದರು. ಅದು ವರ್ಣಿಸುವ ವಿಶ್ವದಲ್ಲಿ ದ್ರವ್ಯವೆಲ್ಲವೂ ಆವರ್ತಿಸುತ್ತಿರುತ್ತದೆ. ಅಲ್ಲಿ ಸದಾ ಮುಂದಕ್ಕೇ ಸಾಗುವ ನೌಕೆಯೊಂದು ಸಾಕಷ್ಟು ದೊಡ್ಡ ಸುತ್ತು ಹಾಕಿದರೆ ತಾನು ಹೊರಟ ಕಾಲಕ್ಕಿಂತ ಹಿಂದಿನ ಕಾಲವನ್ನು ಮುಟ್ಟಬಲ್ಲುದು. ಇಂಥ ಹಾದಿಗೆ ‘ಮುಚ್ಚಿದ ಕಾಲಪಥ’ವೆಂದು ಹೆಸರಿಡಬಹುದು. ಅದಕ್ಕೆ ಬೆಳಕಿನ ವೇಗದ ಶೇಕಡಾ 70ಕ್ಕೂ ಮಿಕ್ಕ ವೇಗ ಬೇಕೆಂದು ಗೋಡೆಲ್ಲರೇ ಲೆಕ್ಕ ಹಾಕಿದರು.

ಗೋಡೆಲ್ಲರಿಗೆ ನೌಕೆಯ ಮೇಲೆ ಆಸಕ್ತಿಯಿರಲಿಲ್ಲ. ಭೂತಕಾಲಕ್ಕೆ ಹೋಗುವ ದಾರಿಯಿದ್ದರೆ ಅದು ಕಳೆದುಹೋದುದಲ್ಲ, ಎಲ್ಲಿಯೋ ಇದ್ದೇ ಇದೆ. ಹಾಗಾದರೆ ಕಾಲವು ಕಳೆಯುತ್ತದೆಂಬ ಅನುಭವ ವಾಸ್ತವವಲ್ಲ ಎಂಬುದು ಅವರ ವಾದ. ಮನುಷ್ಯನು ಹಿಂದಿನ ತನ್ನನ್ನೇ ಕಂಡು, ತನ್ನ ನೆನಪಿನಲ್ಲಿಲ್ಲದ ಏನನ್ನಾದರೂ ತನಗೆ ಮಾಡಬಹುದೆಂಬ ಆಕ್ಷೇಪವನ್ನು ಅವರು ಬಲ್ಲವರಾಗಿದ್ದರು. ಆದರೆ ಅಂಥ ಪಯಣವು ಕಾರ್ಯತಃ ಅಸಾಧ್ಯಪ್ರಾಯವೆಂದು ಅದನ್ನು ಬದಿಗೆ ಸರಿಸಿದರು. ಐನ್‌ಸ್ಟೈನರು ಗೆಳೆಯರ ಶೋಧವನ್ನು ಮನಸಾರೆ ಮೆಚ್ಚಿದರು. ಅಂಥ ಪರಿಹಾರಗಳನ್ನು ಭೌತಿಕ ಕಾರಣಗಳಿಂದ ತಳ್ಳಿಹಾಕಬಹುದೆ ಎಂದು ವಿಚಾರಿಸುವುದು ಉಚಿತವೆಂದೂ ಸೂಚಿಸಿದರು. ಮುಂದಿನ ಸಂಶೋಧನೆಗಳೆಲ್ಲ ಈ ಒಂದು ಸೂಚನೆಯ ವ್ಯಾಖ್ಯಾನಗಳೆಂದರೂ ಸಲ್ಲುತ್ತದೆ. ಗೋಡೆಲ್ಲರ ವಿಶ್ವವು ಹಿಗ್ಗುವುದಿಲ್ಲ, ನಿಜವಾದ ವಿಶ್ವವಾದರೋ ಹಿಗ್ಗುತ್ತಿದೆ. ಆದುದರಿಂದ ಅದು ವಾಸ್ತವ ಜಗತ್ತಿನ ಚಿತ್ರವಲ್ಲ. ಆದರೆ ಸಮೀಕರಣಗಳು ತಾವಾಗಿ ಭೂತಕಾಲಕ್ಕೆ ಕಾವಲು ನಿಲ್ಲುವುದಿಲ್ಲವೆಂಬುದು ಅದರಿಂದ ಸಿದ್ಧವಾಯಿತು.

ಈ ವಿಚಾರವು ಮತ್ತೆ ಚುರುಕುಗೊಂಡುದು ಒಂದು ಕಾದಂಬರಿಯ ನಿಮಿತ್ತದಿಂದ. 1985ರಲ್ಲಿ ಪ್ರಕಟವಾದ ‘ಕಾಂಟ್ಯಾಕ್ಟ್’ ಕೃತಿಯನ್ನು ಬರೆಯುತ್ತಿದ್ದ ಖಗೋಳವಿಜ್ಞಾನಿ ಕಾರ್ಲ್ ಸೇಗನ್ನರು, ತಮ್ಮ ನಾಯಿಕೆಯನ್ನು ದೂರದ ನಕ್ಷತ್ರಕ್ಕೆ ಕ್ಷಿಪ್ರವಾಗಿ ಕಳುಹಿಸುವ ಉಪಾಯವನ್ನು ಕಿಪ್ ಥಾರ್ನ್‌ರನ್ನು ಕೇಳಿದರು. ಥಾರ್ನ್‌ರು ಸೂಚಿಸಿದುದು ‘ವರ್ಮ್‌ಹೋಲ್’ ಮಾರ್ಗ. ಹುಳು ಹಣ್ಣನ್ನು ಕೊರೆದು ಮಾಡಿದ ಬಿಲದಂತೆ ದೇಶಕಾಲದ ಎರಡು ದೂರದ ಸ್ಥಳಗಳನ್ನು ಸೇರಿಸುವ ಸುರಂಗ ಅದು. 1988ರಲ್ಲಿ ಥಾರ್ನ್, ಮಾರಿಸ್, ಯುರ್ಟ್‌ಸೆವೆರ್ ಎಂಬ ಮೂವರು ಈ ಸುರಂಗವು ಕಾಲಯಂತ್ರವೂ ಆಗಬಲ್ಲುದೆಂದು ತೋರಿಸಿದರು. ಸುರಂಗದ ಒಂದು ಬಾಯಿಯನ್ನು ಬೆಳಕಿನ ವೇಗಕ್ಕೆ ಸಮೀಪವಾಗಿ ಒಯ್ದು ಹಿಂದಕ್ಕೆ ತಂದರೆ ಅದರ ಕಾಲ ಹಿಂದೆ ಬಿದ್ದಿರುತ್ತದೆ. ಆ ಬಾಯಿಯಿಂದ ಹೊಕ್ಕವನು ನಿಂತಿದ್ದ ಬಾಯಿಯಿಂದ ಹಿಂದಿನ ಕಾಲದಲ್ಲಿ ಹೊರಬರುತ್ತಾನೆ. ಆದರೆ ಯಂತ್ರವು ಸಿದ್ಧವಾದ ಕಾಲಕ್ಕಿಂತ ಹಿಂದಕ್ಕೆ ಹೋಗಲು ಅದರಿಂದ ಸಾಧ್ಯವಿಲ್ಲ. ಅಶೋಕನ ಆಸ್ಥಾನವನ್ನು ಕಾಣಬಯಸುವವನಿಗೆ ಇದು ನಿರಾಶೆಯ ಮಾತು.

ಕ್ವಾಂಟಂ ವಿಜ್ಞಾನವು ಈ ಕಥೆಯನ್ನು ಮೊದಲು ಪ್ರವೇಶಿಸುವುದು ಇಲ್ಲಿ, ಅದೂ ಬಾಗಿಲು ತೆರೆಯುವ ಪಾತ್ರದಲ್ಲಿ. ಸಾಮಾನ್ಯ ದ್ರವ್ಯದ ಗುರುತ್ವವು ಅಕ್ಕಪಕ್ಕದ ಪಥಗಳನ್ನು ಒಂದೆಡೆಗೆ ಸೆಳೆಯುತ್ತದೆ. 1955ರಲ್ಲಿ ಕಲ್ಕತ್ತೆಯ ಅಮಲ್ ಕುಮಾರ್ ರಾಯ್‌ಚೌಧುರಿಯವರು ಪ್ರಕಟಿಸಿದ, ಈಗ ಅವರ ಹೆಸರಿನಿಂದಲೇ ಪ್ರಸಿದ್ಧವಾದ ಸಮೀಕರಣವು ಈ ಸೆಳೆತವನ್ನು ನಿಖರವಾಗಿ ಹೇಳುತ್ತದೆ. ಸುರಂಗವನ್ನು ಹೊಕ್ಕ ಬೆಳಕಿನ ಕಿರಣಗಳಾದರೋ ಮೊದಲು ಕೂಡಿ, ಮತ್ತೆ ಅಗಲಿ ಹೊರಬರಬೇಕು. ಆ ಸಮೀಕರಣದ ತರ್ಕದಂತೆ, ಶೂನ್ಯಕ್ಕಿಂತ ಕಡಮೆಯಾದ ಶಕ್ತಿ, ಎಂದರೆ ಋಣಶಕ್ತಿ, ಅಲ್ಲಿಲ್ಲದಿದ್ದರೆ ಅದು ಆಗದು, ಸುರಂಗ ಕುಸಿಯುತ್ತದೆ. ಹಳೆಯ ಭೌತವಿಜ್ಞಾನದಲ್ಲಿ ಋಣಶಕ್ತಿಗೆ ಸ್ಥಾನವಿಲ್ಲ. ಕ್ವಾಂಟಂ ವಿಜ್ಞಾನದಲ್ಲಿ ಉಂಟು. ಬಹು ಸಮೀಪದಲ್ಲಿಟ್ಟ ಎರಡು ಲೋಹಫಲಕಗಳ ನಡುವಣ ಶೂನ್ಯಪ್ರದೇಶದಲ್ಲಿ ಅದು ಅತ್ಯಲ್ಪ ಪ್ರಮಾಣದಲ್ಲಿ ಇರುತ್ತದೆಂಬುದು 1948ರಲ್ಲಿ ಡಚ್ ವಿಜ್ಞಾನಿ ಕಾಸಿಮಿರರು ಮಾಡಿದ ಗಣನೆಯಿಂದ ಹೊರಡುತ್ತದೆ. ಸುರಂಗವನ್ನು ಎತ್ತಿಹಿಡಿಯುವಷ್ಟು ಋಣಶಕ್ತಿಯನ್ನು ಒಂದೆಡೆ ಕೂಡಿಹಾಕಲಾದೀತೆ ಎಂಬುದು ಬೇರೆ ಮಾತು. ಅದಕ್ಕೆ ಕ್ವಾಂಟಂ ನಿಯಮಗಳೇ ಬಿಗಿಯಾದ ಮಿತಿ ಹಾಕುತ್ತವೆಂದು 1990ರ ದಶಕದಲ್ಲಿ ಫೋರ್ಡ್ ಮತ್ತು ರೋಮನ್ ಎಂಬುವರು ತೋರಿಸಿದರು.

ಸುರಂಗದ ಸಾಧ್ಯತೆ ಚರ್ಚೆಗೆ ಬಂದೊಡನೆ ಅಜ್ಜನ ಒಗಟೂ ಗಣಿತದ ರೂಪ ತಾಳಿತು. ಮನುಷ್ಯನನ್ನು ತಂದರೆ ಅವನ ಇಚ್ಛಾಸ್ವಾತಂತ್ರ್ಯದ ಗೊಂದಲವೂ ಜೊತೆಗೆ ಬರುತ್ತದೆ. ಆದುದರಿಂದ ಜೋಸೆಫ್ ಪೋಲ್ಚಿನ್‌ಸ್ಕಿಯವರು ಬಿಲಿಯರ್ಡ್ಸ್ ಚೆಂಡನ್ನು ತಂದರು. ಚೆಂಡು ಸುರಂಗವನ್ನು ಹೊಕ್ಕು, ಸ್ವಲ್ಪ ಹಿಂದಿನ ಕಾಲದಲ್ಲಿ ಹೊರಬಂದು, ಸುರಂಗದ ಕಡೆಗೆ ಬರುತ್ತಿರುವ ತನ್ನನ್ನೇ ಹೊಡೆದು ದಾರಿ ತಪ್ಪಿಸಿದರೆ ಅದು ಒಳಹೊಕ್ಕುದು ಹೇಗೆ? 1991ರಲ್ಲಿ ಎಚೆವೆರಿಯಾ, ಕ್ಲಿಂಕ್‌ಹ್ಯಾಮರ್, ಥಾರ್ನ್ ಇವರು ಲೆಕ್ಕ ಮಾಡಿ ನೋಡಿದಾಗ ಅನಿರೀಕ್ಷಿತವಾದ ಉತ್ತರ ದೊರೆಯಿತು. ಚೆಂಡು ತನ್ನನ್ನು ಮೆಲ್ಲಗೆ ಸವರಿದಂತೆ ತಾಕಿ, ಆ ತಾಕಿನಿಂದಲೇ ಸ್ವಲ್ಪ ಓರೆಯಾಗಿ ಸುರಂಗವನ್ನು ಹೊಕ್ಕು, ಆ ಓರೆಯಿಂದಲೇ ಮೆಲ್ಲಗೆ ಮಾತ್ರ ತಾಕುವಂತಹ ಸುಸಂಗತ ಚರಿತ್ರೆಗಳು ಇದ್ದೇ ಇದ್ದುವು. ಒಂದಲ್ಲ, ಅಸಂಖ್ಯಾತ. ಅವುಗಳಲ್ಲಿ ಯಾವುದು ನಡೆಯುವುದೆಂದು ನ್ಯೂಟನ್ನರ ಯಂತ್ರಶಾಸ್ತ್ರ ಹೇಳಲಾರದು. ಪ್ರತಿಯೊಂದಕ್ಕೂ ಇಂತಿಷ್ಟು ಸಂಭಾವ್ಯತೆಯನ್ನು ನಿಗದಿಮಾಡುವ ಶಕ್ತಿ ಕ್ವಾಂಟಂ ವಿಜ್ಞಾನಕ್ಕಿದೆ. ರಷ್ಯದ ಇಗೋರ್ ನೋವಿಕೋವ್‌ರು ಪ್ರತಿಪಾದಿಸಿದ ಸ್ವಸಂಗತಿ ತತ್ತ್ವಕ್ಕೆ ಇದರಿಂದ ಬಲ ಬಂದಿತು. ಭೂತಕಾಲಕ್ಕೆ ಹೋದವನು ಅಲ್ಲಿ ಮಾಡುವುದೆಲ್ಲವೂ ಆಗಲೇ ಭೂತಕಾಲದ ಭಾಗವಾಗಿತ್ತು. ಅವನು ಅದರಲ್ಲಿ ಪಾಲುಗೊಳ್ಳಬಹುದು, ಅದನ್ನು ಬದಲಾಯಿಸಲಾರನು ಎಂಬುದು ಅದರ ತಾತ್ಪರ್ಯ. ಚೆಂಡಿಗೆ ಇದರಿಂದ ನಷ್ಟವಿಲ್ಲ. ಆದರೆ ಕೋವಿ ಹಿಡಿದು ಹೋದ ಮೊಮ್ಮಗನ ಕೈಯನ್ನು ಪ್ರತಿಸಲವೂ ತಡೆಯುವುದು ಯಾವುದು ಎಂಬ ಪ್ರಶ್ನೆ ಉಳಿಯುತ್ತದೆ. ಈ ಪರಿಹಾರದ ಬೆಲೆ ಅವನ ಸ್ವಾತಂತ್ರ್ಯ.

ಅದೇ 1991ರಲ್ಲಿ ಆಕ್ಸ್‌ಫರ್ಡಿನ ಡೇವಿಡ್ ಡಾಯ್ಚರು ಬೇರೊಂದು ಮಾರ್ಗ ಹಿಡಿದರು. ಸೊನ್ನೆ ಅಥವಾ ಒಂದು ಎಂಬ ಎರಡೇ ಸ್ಥಿತಿಗಳುಳ್ಳ ಕಣವೊಂದು ಹಿಂದಿನ ಕಾಲಕ್ಕೆ ಹೋಗಿ ತನ್ನ ಸ್ಥಿತಿಯನ್ನು ತಾನೇ ತಿರುವುಮುರುವು ಮಾಡುತ್ತದೆಂದು ಭಾವಿಸಬೇಕು. ಸೊನ್ನೆಯಾಗಿದ್ದರೆ ಒಂದಾಗಬೇಕು, ಒಂದಾಗಿದ್ದರೆ ಸೊನ್ನೆಯಾಗಬೇಕು. ಅಜ್ಜನ ಒಗಟಿನ ಸಾರ ಇಷ್ಟೆ. ಹಳೆಯ ತರ್ಕದಲ್ಲಿ ಇದಕ್ಕೆ ಉತ್ತರವಿಲ್ಲ. ಕ್ವಾಂಟಂ ವಿಜ್ಞಾನದಲ್ಲಿಯಾದರೋ ಎರಡೂ ಸ್ಥಿತಿಗಳು ಸಮಪಾಲಾಗಿ ಬೆರೆತ ಮಿಶ್ರಸ್ಥಿತಿಯೊಂದುಂಟು. ಅದನ್ನು ತಿರುವುಮುರುವು ಮಾಡಿದರೂ ಅದು ಅದೇ ಆಗಿ ಉಳಿಯುತ್ತದೆ. ಅರ್ಧ ಸೊನ್ನೆ ಒಂದಾಯಿತು, ಅರ್ಧ ಒಂದು ಸೊನ್ನೆಯಾಯಿತು, ಮೊತ್ತ ಬದಲಾಗಲಿಲ್ಲ. ಎಂಥ ಪ್ರಯೋಗವನ್ನು ಹೂಡಿದರೂ ಹೀಗೆ ತನಗೆ ತಾನೇ ಹೊಂದುವ ಒಂದು ಸ್ಥಿತಿಯಾದರೂ ಇದ್ದೇ ಇರುವುದೆಂದು ಡಾಯ್ಚರು ಗಣಿತದಿಂದ ಸಾಧಿಸಿದರು.

ಈ ಗಣಿತಕ್ಕೆ ಅವರು ಕೊಟ್ಟ ಅರ್ಥ 1957ರಲ್ಲಿ ಹ್ಯೂ ಎವರೆಟ್ಟರು ಮಂಡಿಸಿದ ಬಹುಲೋಕವಾದವನ್ನು ಅವಲಂಬಿಸಿದೆ. ಆ ವಾದದಂತೆ ಸಂಭವನೀಯವಾದ ಫಲಗಳೆಲ್ಲವೂ ಬೇರೆ ಬೇರೆ ಲೋಕಶಾಖೆಗಳಲ್ಲಿ ನಡೆಯುತ್ತವೆ. ಮೊಮ್ಮಗನು ಹೊರಟುದು ಅಜ್ಜನು ಬದುಕಿದ್ದ ಶಾಖೆಯಿಂದ. ತಲುಪಿದುದು ಇನ್ನೊಂದು ಶಾಖೆಯನ್ನು. ಅಲ್ಲಿ ಅವನು ಕೊಂದ ಮುದುಕನಿಗೆ ಮೊಮ್ಮಗನಿಲ್ಲ. ಇಲ್ಲಿ ಹುಟ್ಟಿದ ಮೊಮ್ಮಗನ ಅಜ್ಜನನ್ನು ಯಾರೂ ಕೊಲ್ಲಲಿಲ್ಲ. ವಿರೋಧ ತೊಲಗಿತು, ಸ್ವಾತಂತ್ರ್ಯವೂ ಉಳಿಯಿತು. ಕರ್ತೃವಿಲ್ಲದ ಕೃತಿಯ ಒಗಟಿಗೆ ಮಾತ್ರ ಈ ಗಣಿತವೊಂದೇ ಸಾಲದೆ, ಹೊಂದುವ ಸ್ಥಿತಿಗಳು ಹಲವಿದ್ದಾಗ ಅತ್ಯಂತ ಅವ್ಯವಸ್ಥಿತವಾದುದನ್ನೇ ಪ್ರಕೃತಿ ಆರಿಸಿಕೊಳ್ಳುವುದೆಂಬ ಇನ್ನೊಂದು ನಿಯಮವನ್ನು ಡಾಯ್ಚರು ಸೂಚಿಸಬೇಕಾಯಿತು.

ಈ ಪರಿಹಾರವು ಮೇಲ್ನೋಟಕ್ಕೆ ಸರ್ವಸಮ್ಮತವೆಂದು ತೋರಬಹುದು. ಆದರೆ ಎರಡು ಸಂಗತಿಗಳನ್ನು ಮರೆಯಕೂಡದು. ಮೊದಲನೆಯದಾಗಿ, ಈ ಅರ್ಥದಲ್ಲಿ ಪ್ರಯಾಣಿಕನು ತನ್ನ ಭೂತಕಾಲಕ್ಕೆ ಹೋಗಲೇ ಇಲ್ಲ. ತನ್ನದನ್ನು ಹೋಲುವ ಇನ್ನೊಂದು ಚರಿತ್ರೆಗೆ ಹೋದನು. ತನ್ನ ಮನೆಯಲ್ಲಿ ನಡೆದ ಅನ್ಯಾಯವನ್ನು ಸರಿಪಡಿಸಲು ಹೊರಟವನು ನೆರೆಮನೆಯಲ್ಲಿ ಅದನ್ನು ಸರಿಪಡಿಸಿದಂತಾಯಿತು. ಎರಡನೆಯದಾಗಿ, ಮುಚ್ಚಿದ ಕಾಲಪಥವನ್ನು ಹೀಗೆ ಸುಸಂಗತಗೊಳಿಸುವ ನಿಯಮವು ಕ್ವಾಂಟಂ ವಿಜ್ಞಾನದ ಬುನಾದಿಯನ್ನೇ ಅಲುಗಿಸುತ್ತದೆ. ಕೆಲವು ಕ್ವಾಂಟಂ ಸ್ಥಿತಿಗಳನ್ನು ಒಂದರಿಂದ ಒಂದನ್ನು ಎಂದಿಗೂ ನಿಸ್ಸಂದೇಹವಾಗಿ ಬೇರ್ಪಡಿಸಿ ಗುರುತಿಸಲಾಗದೆಂಬುದು ಆ ವಿಜ್ಞಾನದ ಮೂಲಸಿದ್ಧಾಂತಗಳಲ್ಲೊಂದು. ಡಾಯ್ಚರ ಕಾಲಪಥವು ಕೈಗೆ ದೊರೆತರೆ ಅವುಗಳನ್ನೂ ಗುರುತಿಸಬಹುದೆಂದು 2009ರಲ್ಲಿ ಬ್ರೂನ್, ಹ್ಯಾರಿಂಗ್‌ಟನ್, ವೈಲ್ಡ್ ಎಂಬುವರು ತೋರಿಸಿದರು. ರೋಗ ವಾಸಿಮಾಡಲು ಕರೆದ ವೈದ್ಯನೇ ರೋಗಕ್ಕೆ ಈಡಾದ ಪರಿ ಇದು.

ಆದುದರಿಂದ ಸೆತ್ ಲಾಯ್ಡ್‌ರೂ ಅವರ ಸಂಗಡಿಗರೂ 2011ರಲ್ಲಿ ಬೇರೆ ಲೆಕ್ಕವನ್ನು ಮುಂದಿಟ್ಟರು. ಸ್ವವಿರೋಧವುಳ್ಳ ಚರಿತ್ರೆಗಳಿಗೆ ಸಂಭಾವ್ಯತೆ ಸೊನ್ನೆ. ಉಳಿದವುಗಳಿಗೆ ಮಾತ್ರ ಪಾಲು ಎಂಬುದು ಅದರ ಸಾರ. ಇಲ್ಲಿ ಲೋಕಗಳು ಕವಲೊಡೆಯುವುದಿಲ್ಲ. ಗುಂಡು ಹೇಗಾದರೂ ಗುರಿ ತಪ್ಪುತ್ತದೆ. ಬೆಳಕಿನ ಕಣಗಳಾದ ಫೋಟಾನುಗಳಿಂದ ಅವರು ಇದನ್ನು ಅನುಕರಿಸಿಯೂ ತೋರಿಸಿದರು. 2014ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಡಾಯ್ಚರ ಲೆಕ್ಕವನ್ನೂ ಫೋಟಾನುಗಳಿಂದಲೇ ಅನುಕರಿಸಿದರು. ಈ ಪ್ರಯೋಗಗಳಲ್ಲಿ ಯಾವ ಕಣವೂ ಹಿಂದಿನ ಕಾಲಕ್ಕೆ ಹೋಗಲಿಲ್ಲವೆಂಬುದನ್ನು ಒತ್ತಿ ಹೇಳಬೇಕು. ಹೋದರೆ ಹೀಗಾಗಬೇಕೆಂಬ ಗಣಿತವನ್ನು ಪ್ರಯೋಗಶಾಲೆಯಲ್ಲಿ ಅಭಿನಯಿಸಿದುದಷ್ಟೆ. ನಾಟಕದ ರಾಜನ ಪಟ್ಟಾಭಿಷೇಕದಿಂದ ರಾಜ್ಯ ದೊರೆಯುವುದಿಲ್ಲ. ಅಲ್ಲದೆ ಡಾಯ್ಚರ ನಿಯಮವೂ ಲಾಯ್ಡ್‌ರ ನಿಯಮವೂ ಒಂದೇ ಪ್ರಶ್ನೆಗೆ ಭಿನ್ನವಾದ ಉತ್ತರಗಳನ್ನು ಕೊಡುತ್ತವೆ. ಎರಡರಲ್ಲಿ ಯಾವುದು ಪ್ರಕೃತಿಯ ನಿಯಮವೆಂದು ನಿರ್ಣಯಿಸಲು ನಿಜವಾದ ಕಾಲಪಥವೇ ಬೇಕು.

ಇವೆಲ್ಲವೂ ಪಯಣ ಸಾಧ್ಯವೆಂದು ಒಪ್ಪಿಕೊಂಡು ಹುಡುಕಿದ ಪರಿಹಾರಗಳು. ಪಯಣವೇ ಅಸಾಧ್ಯವೆಂಬ ಪಕ್ಷದ ಪ್ರತಿನಿಧಿ ಸ್ಟೀಫನ್ ಹಾಕಿಂಗರು. 1992ರಲ್ಲಿ ಅವರು ‘ಕಾಲಕ್ರಮ ರಕ್ಷಣೆ’ಯ ಊಹೆಯನ್ನು ಮಂಡಿಸಿದರು. ಕ್ವಾಂಟಂ ವಿಜ್ಞಾನದಂತೆ ಶೂನ್ಯಪ್ರದೇಶವೂ ಪೂರ್ಣ ನಿಶ್ಚಲವಲ್ಲ; ಅಲ್ಲಿ ಸೂಕ್ಷ್ಮವಾದ ತುಯ್ದಾಟ ನಡೆದೇ ಇರುತ್ತದೆ. ಕಾಲಯಂತ್ರವು ಇನ್ನೇನು ಸಿದ್ಧವಾಗಬೇಕೆನ್ನುವ ಗಳಿಗೆಯಲ್ಲಿ ಈ ತುಯ್ದಾಟವು ಸುರಂಗದಲ್ಲಿ ಸುತ್ತಿ ಸುತ್ತಿ ತನ್ನ ಮೇಲೆಯೇ ಬಂದು ಸೇರುತ್ತದೆ. ಸಭೆಯಲ್ಲಿ ಧ್ವನಿವರ್ಧಕದ ಎದುರಿಗೆ ಮೈಕನ್ನು ಹಿಡಿದರೆ ಸಣ್ಣ ಸದ್ದೂ ಸುತ್ತಿ ಬಂದು ಕಿವಿಗಡಚಿಕ್ಕುವ ಕೂಗಾಗುವಂತೆ, ಆ ಶಕ್ತಿಯು ಮಿತಿಯಿಲ್ಲದೆ ಏರಿ ಯಂತ್ರವನ್ನು ನಾಶಮಾಡುವುದೆಂದು ಹಾಕಿಂಗರ ಮತ. ಪ್ರಕೃತಿಯು ಹೀಗೆ ವಿಶ್ವವನ್ನು ಇತಿಹಾಸಕಾರರ ಪಾಲಿಗೆ ನಿರಪಾಯಕರವಾಗಿ ಮಾಡಿದೆಯೆಂದು ಅವರು ವಿನೋದವಾಗಿ ಹೇಳಿದುದುಂಟು. ಬಾಗಿಲನ್ನು ತೆರೆದ ಕ್ವಾಂಟಂ ವಿಜ್ಞಾನವೇ ಬಾಗಿಲನ್ನು ಮುಚ್ಚಿತು.

ಮುಚ್ಚಿತೆಂಬುದು ಊಹೆಯೇ ಹೊರತು ಪ್ರಮೇಯವಲ್ಲ. ಅದಕ್ಕೆ ಹಿಂದಿನ ವರ್ಷವೇ ಕಿಮ್ ಮತ್ತು ಥಾರ್ನ್‌ರು ಶಕ್ತಿಯ ಏರಿಕೆಯನ್ನು ಗುರುತಿಸಿದ್ದರೂ, ಯಂತ್ರವನ್ನು ಕೆಡಿಸುವ ಮೊದಲೇ ಅದು ನಿಲ್ಲಬಹುದೆಂದು ವಾದಿಸಿದ್ದರು. 1997ರಲ್ಲಿ ಕೇ, ರಾಡ್ಜಿಕೋವ್‌ಸ್ಕಿ, ವಾಲ್ಡ್ ಎಂಬ ಮೂವರು, ಕಾಲಪಥವು ಮುಚ್ಚಿಕೊಳ್ಳುವ ಗಡಿಯಲ್ಲಿ ಈಗಿನ ಕ್ವಾಂಟಂ ಗಣಿತವೇ ಅರ್ಥಹೀನವಾಗುವುದೆಂದು ಸಾಧಿಸಿದರು. ಯಂತ್ರ ಉಳಿಯುವುದೋ ಅಳಿಯುವುದೋ ಎಂದು ಹೇಳಬೇಕಾದ ಸ್ಥಳದಲ್ಲಿಯೇ ಅದರ ಮಾತು ನಿಂತುಹೋಗುತ್ತದೆ. ಮುಂದೆ ಹೇಳಬೇಕಾದುದು ಗುರುತ್ವವನ್ನೂ ಕ್ವಾಂಟಂ ನಿಯಮಗಳನ್ನೂ ಒಂದುಗೂಡಿಸುವ ಸಿದ್ಧಾಂತ. ಅದಿನ್ನೂ ಪೂರ್ಣವಾಗಿ ರೂಪುಗೊಂಡಿಲ್ಲ.

ಈ ಚರಿತ್ರೆಯನ್ನು ಒಟ್ಟಾಗಿ ನೋಡಿದರೆ, ಕ್ವಾಂಟಂ ವಿಜ್ಞಾನವು ವಿರೋಧಾಭಾಸಗಳನ್ನು ಬಿಡಿಸಿತೆಂಬ ಮಾತನ್ನೂ ಬಿಡಿಸಲಾರದೆ ಹೋಯಿತೆಂಬ ಮಾತನ್ನೂ ಹಾಗೆಯೇ ಒಪ್ಪಲಾಗದು. ಅದು ಒಂದಲ್ಲ, ಹಲವು ಪರಿಹಾರಗಳನ್ನು ಕೊಟ್ಟಿದೆ. ಪ್ರತಿಯೊಂದಕ್ಕೂ ಬೆಲೆ ಕೇಳಿದೆ. ನೋವಿಕೋವ್‌ರ ಮಾರ್ಗದಲ್ಲಿ ಪ್ರಯಾಣಿಕನ ಸ್ವಾತಂತ್ರ್ಯ ಹೋಗುತ್ತದೆ. ಡಾಯ್ಚರ ಮಾರ್ಗದಲ್ಲಿ ಭೂತಕಾಲವು ಅವನದಾಗಿ ಉಳಿಯುವುದಿಲ್ಲ. ಹಾಕಿಂಗರ ಮಾರ್ಗದಲ್ಲಿ ಪಯಣವೇ ಇಲ್ಲ. ಇವುಗಳಲ್ಲಿ ಇಷ್ಟು ಭಿನ್ನತೆಯಿದ್ದರೂ ಒಂದು ವಿಷಯದಲ್ಲಿ ಐಕಮತ್ಯವಿದೆ. ಮನುಷ್ಯನು ತಾನು ಬಾಳಿದ ಚರಿತ್ರೆಯನ್ನೇ ಹೊಕ್ಕು, ಅಲ್ಲಿ ನಡೆದುದನ್ನು ನಡೆಯಲಿಲ್ಲವೆಂದು ಮಾಡುವ ಅಧಿಕಾರವನ್ನು ಈ ಮೂರರಲ್ಲಿ ಯಾವುದೂ ಅವನಿಗೆ ಕೊಡುವುದಿಲ್ಲ. ಕಳೆದುಹೋದವರನ್ನು ಮರಳಿ ಪಡೆಯಬೇಕೆಂದೋ, ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದೋ ಕಾಲಯಾನವನ್ನು ಬಯಸಿದವನಿಗೆ ಅತ್ಯಾಧುನಿಕ ಭೌತವಿಜ್ಞಾನವು ಕೊಡುವ ಉತ್ತರವೂ ಅಜ್ಜಿಯರು ಕೊಟ್ಟ ಉತ್ತರಕ್ಕಿಂತ ಭಿನ್ನವಲ್ಲ.

2009ರ ಜೂನ್ 28ರಂದು ಹಾಕಿಂಗರು ಕೇಂಬ್ರಿಜ್‌ನಲ್ಲಿ ಕಾಲಯಾತ್ರಿಕರಿಗಾಗಿ ಒಂದು ಔತಣವನ್ನು ಏರ್ಪಡಿಸಿದರು. ಭವಿಷ್ಯದಿಂದ ಬರಬಲ್ಲವರು ಮಾತ್ರ ಬರಲೆಂದು, ಔತಣ ಮುಗಿದ ಮೇಲೆ ಆಹ್ವಾನವನ್ನು ಪ್ರಕಟಿಸಿದರು. ಮೇಜಿನ ಮೇಲೆ ತಿಂಡಿ ತೀರ್ಥಗಳು ಸಿದ್ಧವಾಗಿದ್ದುವು. ಅತಿಥಿಗಳು ಯಾರೂ ಬರಲಿಲ್ಲ. ಇದನ್ನು ಪ್ರಮಾಣವೆಂದು ಎಣಿಸುವಂತಿಲ್ಲ; ಥಾರ್ನ್‌ರ ಯಂತ್ರವು ಮುಂದೆಂದಾದರೂ ಸಿದ್ಧವಾದರೂ ಅದರಿಂದ ಆ ದಿನವನ್ನು ತಲುಪಲಾಗದು. ಹಾಕಿಂಗರು 2018ರಲ್ಲಿ ತೀರಿಕೊಂಡರು. ಆ ಬರಿದಾದ ಕೊಠಡಿಯು ಈಗ ಇತಿಹಾಸಕ್ಕೆ ಸೇರಿದೆ.